ಹಾಕಾ ಕಲಿಸಿದರೆ ಕಳ್ಳ ಬದಲಾಗ್ತಾನಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ನ್ಯೂಜಿಲೆಂಡ್ ಜೈಲುಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಕೈದಿಗಳಿಗೆ ಅವರದೇ ಭಾಷೆ, ಹಾಡು, ವಂಶಾವಳಿ, ಆಚಾರಗಳ ಮೂಲಕ 1997ರಿಂದ ಸುಧಾರಣೆಯ ಪಾಠ ನಡೆಯುತ್ತಿದೆ, ಜನಸಂಖ್ಯೆಯಲ್ಲಿ ಆರನೇ ಒಂದು ಭಾಗ ಇರುವ ಅವರು ಜೈಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ ಅನ್ನೋದಷ್ಟೇ ಅದರಲ್ಲಿದ್ದದ್ದು. ಅದಕ್ಕೆ ಬಂದ ಪತ್ರಗಳು ನೋಡಿದರೆ ಟಿಪ್ಪಣಿಗಿಂತ ಎಷ್ಟೋ ಪಾಲು ಉದ್ದ. ಹೊಗಳಿಕೆ ಕಮ್ಮಿ, ಜಗಳ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಕೊಲೆ, ದರೋಡೆ ಮಾಡಿ ಒಳಗೆ ಹೋದವರಿಗೆ ಕುಣಿತ, ಹಾಡು ಹೇಳಿಕೊಟ್ಟರೆ ಅವರು ಸರಿಹೋಗ್ತಾರೆ ಅಂತ ನಂಬಬೇಕಾ? ಜನರ ತೆರಿಗೆ ದುಡ್ಡು ದಂಡ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಬರೀ ಕುಣಿತದಿಂದ ಯಾರೂ ಸರಿಹೋಗಲ್ಲ. ಅಲ್ಲಿನವರೂ ಹಾಗೆ ಹೇಳುವುದಿಲ್ಲ. ಟೀವಿಯವರಿಗೆ ಮಾತ್ರ ಹಾಕಾ ಅನ್ನೋ ಮಾವೋರಿ ಗುಂಪು ಕುಣಿತ ಇಷ್ಟ, ಕಣ್ಣು ಅಗಲಿಸಿ ನಾಲಿಗೆ ಚಾಚುವ ದೃಶ್ಯ ಸಿಕ್ಕಿದರೆ ಅವರಿಗೆ ಸಾಕು.

ನಿಜವಾಗಿ ನಡೆಯೋದು ಬೇರೆ. 1997ರಲ್ಲಿ ಹಾಕ್ಸ್ ಬೇ ಜೈಲಿನಲ್ಲಿ ಮೊದಲ ಸಲ ಒಂದು ವಿಭಾಗವನ್ನು ಪೂರ್ತಿ ಮಾವೋರಿ ರೀತಿಯಲ್ಲಿ ನಡೆಸಲು ಶುರು ಮಾಡಿದರು. ಆಮೇಲೆ ವೈಕೇರಿಯಾ, ತೊಂಗರೀರೊ, ರಿಮುಟಾಕಾ, ವಾಂಗನೂಯಿ ಜೈಲುಗಳಿಗೂ ಅದು ಬಂತು. ಈಗ ಈ ಐದೂ ಘಟಕ ಸೇರಿಸಿ ತೆ ತಿರೊಹಂಗ ಅಂತ ಕರೆಯುತ್ತಾರೆ. ಒಂದೊಂದರಲ್ಲೂ 60 ಜನಕ್ಕೆ ಜಾಗ. ಅಲ್ಲಿ ದಿನ ಶುರುವಾಗೋದು ಕರಾಕಿಯದಿಂದ, ಅಂದರೆ ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯಿಂದ. ಆಮೇಲೆ ಭಾಷೆಯ ತರಗತಿ, ಹಾಡು, ಆಚಾರಗಳ ಪಾಠ, ಮರದ ಕೆತ್ತನೆ. ಊರಿನ ಹಿರಿಯರು ಬಂದುಹೋಗುತ್ತಾರೆ.

ಇದೆಲ್ಲ ಹೊರಗಿನ ಆವರಣ. ಒಳಗಿರೋದು ಮೌರಿ ತೂ ಪೈ ಅನ್ನೋ ಗುಂಪು ಚಿಕಿತ್ಸೆ. ಗಂಡಸರು ಸುತ್ತ ಕೂತು ತಾವು ಮಾಡಿದ ಅಪರಾಧವನ್ನು ಎಳೆ ಎಳೆಯಾಗಿ ಬಿಚ್ಚಬೇಕು. ಅವತ್ತು ಏನಾಯ್ತು, ಅದಕ್ಕೂ ಮುಂಚೆ ಏನು ನಡೆದಿತ್ತು, ಕೈ ಎತ್ತುವಾಗ ತಲೆಯಲ್ಲಿ ಏನು ಓಡುತ್ತಿತ್ತು, ಏಟು ತಿಂದವರು ಯಾರು, ಅವರ ಮನೆಯಲ್ಲಿ ಯಾರ್ಯಾರಿದ್ದರು. ಇದು ಸುಲಭ ಅಂದುಕೊಳ್ಳಬೇಡಿ. ಸೆಲ್ಲಿನಲ್ಲಿ ಗೋಡೆ ನೋಡುತ್ತಾ ದಿನ ಕಳೆಯೋದು ಇದಕ್ಕಿಂತ ಎಷ್ಟೋ ಹಗುರ. ಹಾಗೆ ನೋಡಿದರೆ ಇದು ಎಲ್ಲ ಕಡೆ ಬಳಸುವ ಮನಶ್ಶಾಸ್ತ್ರದ ವಿಧಾನವೇ. ವ್ಯತ್ಯಾಸ ಇರೋದು ನಡೆಸಿಕೊಡುವವರು ಯಾರು, ಅವರು ಯಾವ ಮಾತಿನಲ್ಲಿ ಕೇಳ್ತಾರೆ ಅನ್ನೋದರಲ್ಲಿ. ಸೂಟು ಹಾಕಿ ಫೈಲು ಹಿಡಿದು ಬಂದ ಅಧಿಕಾರಿಯ ಮುಂದೆ ವರ್ಷಗಟ್ಟಲೆ ಬಾಯಿ ಬಿಡದವನು ತನ್ನ ಅಜ್ಜನ ವಯಸ್ಸಿನ, ತನ್ನದೇ ಕುಲದ ಹಿರಿಯ "ನಿನ್ನ ವಂಶದ ಹೆಸರಿಗೆ ಏನು ಮಾಡಿದೆ, ಹೇಳು" ಅಂತ ಕೇಳಿದಾಗ ತಪ್ಪಿಸಿಕೊಳ್ಳೋದು ಕಷ್ಟ. ಅಪರಾಧ ಅವನೊಬ್ಬನ ಲೆಕ್ಕಕ್ಕೆ ಮುಗಿಯಲ್ಲ, ಸತ್ತವರಿಗೂ ಹುಟ್ಟಬೇಕಾದವರಿಗೂ ತಗಲುತ್ತದೆ ಅನ್ನೋದು ಮಾವೋರಿ ನಂಬಿಕೆ.

ದುಡ್ಡಿನ ವಿಷಯಕ್ಕೆ ಬಂದರೆ, ನ್ಯೂಜಿಲೆಂಡಿನಲ್ಲಿ ಒಬ್ಬನನ್ನು ಒಂದು ವರ್ಷ ಜೈಲಿನಲ್ಲಿ ಇಡೋದಕ್ಕೇ ಒಂದು ಲಕ್ಷ ಡಾಲರ್ ದಾಟುತ್ತದೆ. ಅವನು ಸುಮ್ನೆ ಕೂತರೂ ಅಷ್ಟು ಖರ್ಚಾಗುತ್ತದೆ, ಏನಾದರೂ ಕಲಿತರೂ ಹೆಚ್ಚುಕಮ್ಮಿ ಅಷ್ಟೇ. ದಂಡ ಯಾವುದು ಅಂತ ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಜನಸಂಖ್ಯೆಯಲ್ಲಿ ಆರನೇ ಒಂದು ಭಾಗ ಇರುವವರು ಜೈಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ ಅಂತ ಬರೆದಿದ್ರಿ. ಹಾಗಾದರೆ ದೋಷ ಅವರಲ್ಲೇ ಇದೆ ಅಂತ ತಾನೇ? ಬೇಜಾರಾದರೂ ಸತ್ಯ ಹೇಳಿ.
– ವಿದ್ಯಾರ್ಥಿ, ಧಾರವಾಡ

ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ತಾಳ್ಮೆ ಇರಲಿ.

1840ರ ಫೆಬ್ರವರಿ 6ರಂದು ವೈತಾಂಗಿ ಅನ್ನೋ ಜಾಗದಲ್ಲಿ ಬ್ರಿಟಿಷರೂ ಮಾವೋರಿ ನಾಯಕರೂ ಒಪ್ಪಂದಕ್ಕೆ ಸಹಿ ಹಾಕಿದರು. ನಿಮ್ಮ ಜಮೀನು, ಕಾಡು, ಮೀನುಗಾರಿಕೆ ನಿಮ್ಮದೇ ಅಂತ ಅದರಲ್ಲಿ ಬರೆದಿತ್ತು. ಇಪ್ಪತ್ತಮೂರೇ ವರ್ಷಕ್ಕೆ, 1863ರಲ್ಲಿ, ದಂಗೆ ಎದ್ದವರ ಜಮೀನು ಮುಟ್ಟುಗೋಲು ಹಾಕಿಕೊಳ್ಳುವ ಕಾನೂನು ಬಂತು. ದಂಗೆ ಏಳದವರ ಜಮೀನೂ ಅದರ ಜೊತೆಗೆ ಹೋಯಿತು. ಉಳಿದದ್ದು ಮಾರಾಟ, ಕೋರ್ಟು, ಸರ್ವೆ ಅಂತ ಕರಗಿತು. ಇವತ್ತು ಮಾವೋರಿ ಒಡೆತನದ ಜಮೀನು ದೇಶದ ನೆಲದಲ್ಲಿ ಸುಮಾರು ಶೇ. 5. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಬೆತ್ತದ ಏಟು ಬೀಳುತ್ತಿತ್ತು. ಆ ಭಾಷೆ ಅಧಿಕೃತ ಭಾಷೆ ಆಗಿದ್ದು 1987ರಲ್ಲಿ.

ಇಷ್ಟಾದರೂ ಎರಡನೇ ಮಹಾಯುದ್ಧದವರೆಗೆ ಜೈಲಿನಲ್ಲಿ ಮಾವೋರಿಗಳು ಇವತ್ತಿನಷ್ಟು ಇರಲಿಲ್ಲ ಅನ್ನೋದನ್ನು ಗಮನಿಸಿ. ರಕ್ತದಲ್ಲೇ ದೋಷ ಇದ್ದಿದ್ದರೆ ಆಗಲೂ ಇರಬೇಕಿತ್ತಲ್ಲ? ಯುದ್ಧ ಮುಗಿದ ಮೇಲೆ ಹಳ್ಳಿ ಬಿಟ್ಟು ಪಟ್ಟಣಕ್ಕೆ ಕೂಲಿಗೆ ಬಂದರು. ಒಂದೇ ತಲೆಮಾರಿನಲ್ಲಿ ಹಳ್ಳಿಯ ಜನ ಪಟ್ಟಣದ ಜನ ಆದರು. ಹಿಂದೆ ಅಜ್ಜಿ, ಸೋದರಮಾವ, ದೊಡ್ಡಮ್ಮ ಅಂತ ಹತ್ತು ಜನ ಕಣ್ಣಿಡುತ್ತಿದ್ದ ಮಗುವಿನ ಮೇಲೆ ಈಗ ಕಣ್ಣಿಟ್ಟಿದ್ದು ಪೊಲೀಸರು ಮತ್ತು ಮಕ್ಕಳ ಕಲ್ಯಾಣ ಇಲಾಖೆ. ಸಣ್ಣಪುಟ್ಟ ತಂಟೆಗೂ ಹುಡುಗರನ್ನು ಮನೆಯಿಂದ ಎತ್ತಿ ಸರ್ಕಾರದ ಬಾಲಮಂದಿರಗಳಿಗೆ ಹಾಕಿದರು. ಅಲ್ಲಿ ಆದದ್ದೇನು ಅಂತ ವಿಚಾರಣಾ ಆಯೋಗ ವರ್ಷಗಟ್ಟಲೆ ಕೂತು ಕೇಳಿ 2024ರ ಜುಲೈನಲ್ಲಿ ಕೊನೆಯ ವರದಿ ಕೊಟ್ಟಿತು. 1950ರಿಂದ 2019ರವರೆಗೆ ಸರ್ಕಾರದ ಮತ್ತು ಚರ್ಚುಗಳ ಆರೈಕೆಯಲ್ಲಿ ಇದ್ದವರು ಸುಮಾರು 6,55,000. ಅವರಲ್ಲಿ 2,00,000 ಜನರ ಮೇಲೆ ದೌರ್ಜನ್ಯ ನಡೆದಿರಬಹುದು ಅಂತ ಅಂದಾಜು. ಹೊಡೆತ, ಲೈಂಗಿಕ ಹಿಂಸೆ, ಕತ್ತಲ ಕೋಣೆ. ಮಾವೋರಿ ಮಕ್ಕಳ ಪಾಲು ಅದರಲ್ಲಿ ಬಹಳ ದೊಡ್ಡದು. ಆ ವರ್ಷದ ನವೆಂಬರ್ 12ರಂದು ಪ್ರಧಾನಿ ಕ್ರಿಸ್ಟೋಫರ್ ಲಕ್ಸನ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ಮಾಂಗ್ರೆಲ್ ಮಾಬ್, ಬ್ಲ್ಯಾಕ್ ಪವರ್ ಅನ್ನೋ ಗ್ಯಾಂಗುಗಳ ಹೆಸರು ಕೇಳಿರಬಹುದು. ಆ ಬಾಲಮಂದಿರಗಳಲ್ಲಿ ಒಟ್ಟಿಗೆ ಏಟು ತಿಂದ ಹುಡುಗರು ಹೊರಗೆ ಬಂದು ಇಂಥ ಗ್ಯಾಂಗು ಸೇರಿದರು, ಅಲ್ಲಿಂದ ಜೈಲಿಗೆ ಹೋದರು. ಇದು ನಾನು ಕಟ್ಟಿದ ಕಥೆ ಅಲ್ಲ, ಆಯೋಗವೇ ಗುರುತಿಸಿದ ದಾರಿ. ಮೊಆನಾ ಜಾಕ್ಸನ್ ಅನ್ನೋ ಮಾವೋರಿ ವಕೀಲರು 1988ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟು, ಈ ಕಾನೂನು ವ್ಯವಸ್ಥೆ ಮಾವೋರಿಗಳನ್ನು ನೋಡುವ ರೀತಿಯಲ್ಲೇ ತೊಂದರೆ ಇದೆ ಅಂದಿದ್ದರು. ಆಗ ಅವರಿಗೆ ಸಿಕ್ಕಿದ್ದು ಬೈಗುಳವೇ ಜಾಸ್ತಿ.

ಹಾಗಂತ ಕತ್ತಿ ಹಿಡಿದವನ ಕೈ ಇತಿಹಾಸದ್ದಲ್ಲ, ಅವನದೇ. ಎರಡನ್ನೂ ಒಟ್ಟಿಗೆ ಹೇಳಬೇಕು. ಈ ಕಾರ್ಯಕ್ರಮಗಳನ್ನು ನಡೆಸುವ ಹಿರಿಯರು ಎರಡನ್ನೂ ಹೇಳುತ್ತಾರೆ, ನನಗೆ ಅವರಲ್ಲಿ ಹಿಡಿಸೋದೂ ಅದೇ.

ಪ್ರಶ್ನೆ: ವಂಶಾವಳಿ ಬಾಯಿಪಾಠ ಮಾಡಿಸುತ್ತಾರೆ ಅಂತ ಇತ್ತು. ನಾನೂ ಗೋತ್ರ, ಪ್ರವರ ಎಲ್ಲ ಹೇಳಬಲ್ಲೆ ಸ್ವಾಮಿ, ಅದರಿಂದ ನನ್ನ ಕೋಪವೇನೂ ಕಮ್ಮಿಯಾಗಿಲ್ಲ. ಇವರಿಗೆ ಹೇಗೆ ಉಪಯೋಗವಾಗುತ್ತೆ?
– ನಿವೃತ್ತ ಮೇಷ್ಟ್ರು, ಮೈಸೂರು

ಮೇಷ್ಟ್ರೇ, ನಿಮಗೆ ಅದು ಮೊದಲಿಂದಲೂ ಇತ್ತು. ಇಲ್ಲದವನಿಗೆ ಸಿಕ್ಕಾಗ ಏನಾಗುತ್ತದೆ ಅನ್ನೋದು ಬೇರೆ ವಿಷಯ.

ಮಾವೋರಿ ಒಬ್ಬ ತನ್ನ ಪರಿಚಯ ಹೇಳುವ ಕ್ರಮವನ್ನು ಪೆಪೆಹ ಅನ್ನುತ್ತಾರೆ. ಮೊದಲು ತನ್ನ ಬೆಟ್ಟ, ಆಮೇಲೆ ನದಿ, ಆಮೇಲೆ ಕುಲ, ಸ್ವಂತ ಹೆಸರು ಕೊನೆಗೆ. ಪೂರ್ವ ಕರಾವಳಿಯ ಕಡೆಯವನಾದರೆ "ಕೊ ಹಿಕುರಂಗಿ ತೆ ಮೌಂಗ, ಕೊ ವೈಅಪು ತೆ ಆವ, ಕೊ ಙಾತಿ ಪೊರೊವು ತೆ ಇವಿ" ಅನ್ನುತ್ತಾನೆ. ನನ್ನ ಬೆಟ್ಟ ಹಿಕುರಂಗಿ, ನನ್ನ ಹೊಳೆ ವೈಅಪು, ನನ್ನ ಕುಲ ಙಾತಿ ಪೊರೊವು ಅಂತ. (ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು ನೋಡಿ.)

ಪಟ್ಟಣದಲ್ಲಿ ಹುಟ್ಟಿ ಐದಾರು ಸಾಕುಮನೆ ತಿರುಗಿ ಹದಿಹರೆಯದಲ್ಲಿ ಗ್ಯಾಂಗು ಸೇರಿದ ಹುಡುಗನಿಗೆ ತನ್ನ ಬೆಟ್ಟ ಯಾವುದು ಅಂತ ಎಷ್ಟೋ ಸಲ ಗೊತ್ತೇ ಇರಲ್ಲ. ಅವನ ಮೈಮೇಲೆ ಇರೋದು ಗ್ಯಾಂಗಿನ ಹಚ್ಚೆ. ಅವನಿಗೆ ಅಣ್ಣತಮ್ಮ ಅಂದರೆ ಗ್ಯಾಂಗಿನವರು. ಅಂಥವನ ಮುಂದೆ ಗ್ಯಾಂಗು ಬಿಡು ಅಂತ ಭಾಷಣ ಮಾಡಿದರೆ, ಬಿಟ್ಟು ಎಲ್ಲಿಗೆ ಹೋಗಲಿ ಅಂತ ಅವನು ಕೇಳಲ್ವಾ? ವಂಶಾವಳಿ ಕೆಲಸಕ್ಕೆ ಬರೋದು ಅಲ್ಲಿ. ನಿನ್ನವರು ಇಂಥವರು, ಇಂಥ ಕಡೆ ಇದ್ದಾರೆ, ಇಂಥ ಮನೆಯಲ್ಲಿ ನಿನಗೆ ಜಾಗ ಇದೆ ಅಂತ ತೋರಿಸುತ್ತಾರೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಜೈಲಿಗಿಂತ ಮುಂಚಿನ ಮೆಟ್ಟಿಲಾದ ರಂಗತಹಿ ಕೋರ್ಟ್ ನೋಡಬೇಕು. ರಂಗತಹಿ ಅಂದರೆ ಯುವಕರು. 2008ರಲ್ಲಿ ನ್ಯಾಯಾಧೀಶ ಹೇಮಿ ತೌಮೌನು ಅವರು ಗಿಸ್ಬೋರ್ನ್ ಊರಿನ ತೆ ಪೊಹೊ ಒ ರಾವಿರಿ ಮರೈನಲ್ಲಿ ಇದನ್ನು ಶುರು ಮಾಡಿದರು. ಮರೈ ಅಂದರೆ ಕುಲದವರೆಲ್ಲ ಸೇರುವ ಜಾಗ. ಕೆತ್ತನೆಯ ಕಂಬಗಳ ದೊಡ್ಡ ಮನೆ, ಮುಂದೆ ಅಂಗಳ, ಪಕ್ಕದಲ್ಲಿ ಊಟದ ಮನೆ. ತಪ್ಪು ಮಾಡಿದ ಹುಡುಗನನ್ನು ಆ ದಿನ ಅಲ್ಲಿಗೆ ಬರಮಾಡಿಕೊಳ್ಳೋದು ಪೋಫಿರಿ ಅನ್ನುವ ಸ್ವಾಗತದ ಕ್ರಮದಲ್ಲಿ. ಒಳಗಿನಿಂದ ಒಬ್ಬ ಹೆಂಗಸು ಎತ್ತರದ ದನಿಯಲ್ಲಿ ಕರೆಯುತ್ತಾಳೆ. ಬಂದವರು ನಿಧಾನ ನಡೆದು ಒಳಗೆ ಹೋಗುತ್ತಾರೆ, ಹಿರಿಯರ ಮಾತು, ಹಾಡು, ಆಮೇಲೆ ಒಬ್ಬೊಬ್ಬರೂ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವ ಹೊಂಗಿ. ಪೊಲೀಸು, ವಕೀಲ, ನ್ಯಾಯಾಧೀಶ ಎಲ್ಲರೂ ಆ ಸಾಲಿನಲ್ಲಿ ಇರುತ್ತಾರೆ.

ಆಮೇಲೆ ಹುಡುಗ ಎದ್ದು ತನ್ನ ಪೆಪೆಹ ಹೇಳಬೇಕು. ಮೊದಲ ಸಲ ಕೈಯಲ್ಲಿ ಚೀಟಿ, ಬಾಯಲ್ಲಿ ತೊದಲು. ಕೋರ್ಟಿನಲ್ಲಿ ಕೈದಿಯ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತು "ಹೂಂ" ಅಂದು ಬರೋದಕ್ಕಿಂತ ಇದು ನೂರು ಪಾಲು ಕಷ್ಟ, ಯಾಕೆಂದರೆ ನ್ಯಾಯಾಧೀಶರ ಪಕ್ಕದಲ್ಲಿ ಕೂತ ಹಿರಿಯರಿಗೆ ಅವನ ಅಜ್ಜ ಗೊತ್ತಿರಬಹುದು. ನಿನ್ನ ಅಜ್ಜನ ಜೊತೆ ಕೆಲಸ ಮಾಡಿದ್ದೀನಿ ಕಣೋ ಅಂತ ಶುರುಮಾಡಿ, ಬೈಯಬೇಕಾದ್ದನ್ನು ಬೈದು, ಶಾಲೆಗೆ ಹೋದೆಯಾ, ಕ್ಷಮೆಯ ಪತ್ರ ಬರೆದೆಯಾ, ಕೆಲಸ ಮಾಡಿ ನಷ್ಟ ತುಂಬಿಕೊಟ್ಟೆಯಾ ಅಂತ ಒಂದೊಂದೇ ಕೇಳುತ್ತಾರೆ. ಮತ್ತೆ ಮತ್ತೆ ಬಂದು ಲೆಕ್ಕ ಒಪ್ಪಿಸಬೇಕು. ಕಾನೂನು ಅದೇ, ಶಿಕ್ಷೆ ಕೊಡುವ ಅಧಿಕಾರವೂ ಅದೇ. ಬದಲಾಗಿರೋದು ನಡೆಯುವ ಜಾಗ ಮತ್ತು ಎದುರಿಗೆ ಕೂತವರು.

ಈ ತೌಮೌನು ಅವರೇ 2019ರಲ್ಲಿ ದೇಶದ ಜಿಲ್ಲಾ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರಾದರು.

ಪ್ರಶ್ನೆ: ಬೇರೆ ಜನಾಂಗದ ಕೈದಿಗಳು ಈ ಘಟಕಗಳಿಗೆ ಸೇರಬಹುದಾ?
– ಗೃಹಿಣಿ, ಹಾಸನ

ಸೇರಬಹುದು. ಅಲ್ಲಿನ ನಿಯಮಕ್ಕೆ ಒಪ್ಪಬೇಕು, ಅಷ್ಟೇ. ಬೆಳಿಗ್ಗೆ ಎದ್ದು ಕರಾಕಿಯ ಹೇಳಬೇಕು, ಗ್ಯಾಂಗಿನ ಗುರುತು, ನಿಷ್ಠೆ ಎಲ್ಲ ಬಾಗಿಲ ಹೊರಗೆ ಬಿಡಬೇಕು.

ಪ್ರಶ್ನೆ: ನಾನು ಆಕ್ಲೆಂಡಿನಲ್ಲಿ ಇರುವ ಕನ್ನಡಿಗ. ನಮ್ಮ ಪರಿಚಯದವರ ಡೇರಿ ಅಂಗಡಿಗೆ ಕಾರು ನುಗ್ಗಿಸಿ ಸಿಗರೇಟು, ದುಡ್ಡು ದೋಚಿದರು. ನೀವು ಊರಲ್ಲಿ ಕೂತು ಕೈದಿಗಳ ಬಗ್ಗೆ ಮರುಕ ಬರೀತೀರಿ. ಏಟು ತಿಂದವರನ್ನು ಯಾರು ಕೇಳ್ತಾರೆ?
– ಓದುಗರೊಬ್ಬರು, ಆಕ್ಲೆಂಡ್

ನಿಮ್ಮ ಸಿಟ್ಟು ಸರಿ. (ಇಲ್ಲಿನ ಓದುಗರಿಗೆ: ಅಲ್ಲಿ ಡೇರಿ ಅಂದರೆ ಹಾಲಿನ ಡೇರಿ ಅಲ್ಲ, ಬೀದಿ ಮೂಲೆಯ ಕಿರಾಣಿ ಅಂಗಡಿ. ಅವನ್ನು ನಡೆಸುವವರಲ್ಲಿ ಭಾರತದ ಮೂಲದವರು ತುಂಬಾ ಜನ.) ರಾತ್ರಿ ಕದ್ದ ಕಾರು ಗಾಜು ಒಡೆದು ಒಳಗೆ ನುಗ್ಗಿದರೆ ಬೆಳಿಗ್ಗೆ ಗಾಜು ಗುಡಿಸೋದು ಅಂಗಡಿಯವನೇ, ವಿಮೆಯ ಕಂತು ಏರೋದೂ ಅವನಿಗೇ. ಅವನ ಮುಂದೆ ವಸಾಹತುಶಾಹಿ ಅಂತ ಪಾಠ ಶುರು ಮಾಡಿದರೆ ಅವನು ಎದ್ದು ಹೋಗ್ತಾನೆ, ಹೋಗಬೇಕು ಕೂಡ.

ಎರಡು ವಿಷಯ ಮಾತ್ರ ಹೇಳ್ತೀನಿ. ತೆ ತಿರೊಹಂಗಕ್ಕೆ ಸೇರಿದರೆ ಶಿಕ್ಷೆ ತಾನಾಗಿ ಕಮ್ಮಿಯಾಗಲ್ಲ. ಪರೋಲ್ ಮಂಡಳಿ ನೋಡೋದು ಈ ಮನುಷ್ಯ ಹೊರಗೆ ಬಂದರೆ ಅಪಾಯವಾ ಅನ್ನೋದನ್ನು, ಎಷ್ಟು ಹಾಡು ಕಲಿತ ಅನ್ನೋದನ್ನಲ್ಲ. ಇನ್ನೊಂದು, ಏಟು ತಿಂದವರನ್ನು ಮಾತಿಗೆ ಕೂರಿಸುವ ಪದ್ಧತಿ ನಿಮ್ಮ ದೇಶದಲ್ಲಿ ಬೇರೆ ಎಷ್ಟೋ ಕಡೆಗಿಂತ ಗಟ್ಟಿಯಾಗಿದೆ. ಮಕ್ಕಳ ಅಪರಾಧಕ್ಕೆ ಮನೆಯವರು, ಸಂತ್ರಸ್ತರು, ಪೊಲೀಸರು ಒಟ್ಟಿಗೆ ಕೂರುವ ಸಭೆ 1989ರ ಕಾನೂನಿನಿಂದ ಬಂತು. ಅದಕ್ಕೂ ಮಾವೋರಿ ಕುಟುಂಬ ಪದ್ಧತಿಯ ಪ್ರಭಾವ ಇದೆ. ದೊಡ್ಡವರ ಕೇಸಿನಲ್ಲೂ 2014ರ ಡಿಸೆಂಬರಿನಿಂದ, ಆರೋಪಿ ತಪ್ಪು ಒಪ್ಪಿಕೊಂಡರೆ ಶಿಕ್ಷೆ ಹೇಳುವ ಮುಂಚೆ ಅಂಥ ಭೇಟಿ ಸಾಧ್ಯವಾ ಅಂತ ಕೋರ್ಟು ವಿಚಾರಿಸಬೇಕು. ನಿಮಗೆ ಇಷ್ಟ ಇಲ್ಲದಿದ್ದರೆ ಬೇಡ ಅನ್ನಬಹುದು, ಯಾರೂ ಒತ್ತಾಯ ಮಾಡುವಂತಿಲ್ಲ.

ಮರುಕದ ಮಾತು ಬಿಡಿ. ಆ ಹುಡುಗ ಯಾವತ್ತೋ ಒಂದು ದಿನ ಹೊರಗೆ ಬಂದೇ ಬರ್ತಾನೆ, ನಿಮ್ಮ ಪರಿಚಯದವರ ಅಂಗಡಿ ಇರುವ ಬೀದಿಗೇ ಬರಬಹುದು. ಹೇಗೆ ಬರಬೇಕು ಅನ್ನೋದರಲ್ಲಿ ಅಂಗಡಿಯವರಿಗೂ ಸ್ವಾರ್ಥ ಇದೆ ಅಲ್ವಾ?

ಪ್ರಶ್ನೆ: ಭಾವನೆ ಸಾಕು, ಲೆಕ್ಕ ಕೊಡಿ. 1997ರಿಂದ ನಡೀತಿದೆ ಅಂದ್ರಿ. ಮಾವೋರಿ ಕೈದಿಗಳ ಪ್ರಮಾಣ ಇಳಿದಿದೆಯಾ ಇಲ್ವಾ?
– ಎಂಜಿನಿಯರ್, ಬೆಂಗಳೂರು

ಇಳಿದಿಲ್ಲ. ಅರ್ಧಕ್ಕಿಂತ ಮೇಲೇ ಇದೆ.

ಆದರೆ ಲೆಕ್ಕ ಕೇಳಿದ್ದೀರಿ, ಹಾಗಾಗಿ ಇನ್ನೊಂದು ಲೆಕ್ಕವನ್ನೂ ನೋಡಿ. ಐದು ಘಟಕ, ತಲಾ 60 ಜನ, ಒಟ್ಟು 300 ಹಾಸಿಗೆ. ದೇಶದ ಜೈಲುಗಳಲ್ಲಿ ಈಚೆಗೆ 10,000 ದಾಟಿದ ಕೈದಿಗಳು. ಅದರಲ್ಲಿ ಮಾವೋರಿಗಳು 5,000ಕ್ಕೂ ಮೇಲೆ. 5,000 ಜನಕ್ಕೆ 300 ಹಾಸಿಗೆ ಹಾಕಿ, ಪ್ರಮಾಣ ಯಾಕೆ ಇಳಿದಿಲ್ಲ ಅಂತ ಕೇಳೋದು ನ್ಯಾಯವಲ್ಲ. ಜೈಲು ಇಲಾಖೆಯೇ 2009ರಲ್ಲಿ ಈ ಘಟಕಗಳನ್ನು ಮೌಲ್ಯಮಾಪನ ಮಾಡಿಸಿತ್ತು. ಒಳ್ಳೆಯ ಬದಲಾವಣೆ ಇದೆ, ಆದರೆ ದೊಡ್ಡದಲ್ಲ ಅನ್ನೋದು ಅದರ ಧಾಟಿ. ನನಗೆ ಇದು ನಂಬುವಂಥ ಮಾತು ಅನ್ನಿಸುತ್ತದೆ. ಯಾರಾದರೂ ಇದರಿಂದ ಎಲ್ಲರೂ ಸರಿಹೋದರು ಅಂದರೆ ಅನುಮಾನ ಪಡಿ.

ಸರ್ಕಾರದ ಕಡೆಯಿಂದ ಏನಾಯಿತು ಅನ್ನೋದೂ ಲೆಕ್ಕದ ಭಾಗವೇ. ಹಾಕ್ಸ್ ಬೇ ಕಡೆಯ ಟಾಮ್ ಹೆಮೊಪೊ ಅನ್ನೋ ನಿವೃತ್ತ ಪ್ರೊಬೇಷನ್ ಅಧಿಕಾರಿ, ತಾನು ಕೆಲಸ ಮಾಡಿದ ಇಲಾಖೆಯ ಮೇಲೇ ವೈತಾಂಗಿ ನ್ಯಾಯಮಂಡಳಿಗೆ ದೂರು ಕೊಟ್ಟರು. 1840ರ ಒಪ್ಪಂದ ಮುರಿದ ದೂರುಗಳನ್ನು ಕೇಳುವ ಮಂಡಳಿ ಅದು. ಮಾವೋರಿಗಳು ಮತ್ತೆ ಮತ್ತೆ ಜೈಲಿಗೆ ಬರುವುದನ್ನು ತಡೆಯೋದಕ್ಕೆ ಸರ್ಕಾರ ಕೊಡಬೇಕಾದಷ್ಟು ಆದ್ಯತೆ ಕೊಟ್ಟಿಲ್ಲ, ಇದು ಒಪ್ಪಂದದ ತತ್ವಕ್ಕೆ ವಿರುದ್ಧ ಅಂತ ಮಂಡಳಿ 2017ರಲ್ಲಿ ಹೇಳಿತು. ಅದಾದ ಮೇಲೆ 2019ರ ಆಗಸ್ಟಿನಲ್ಲಿ ಹೋಕೈ ರಂಗಿ ಅನ್ನೋ ಯೋಜನೆ ಬಂತು, ಆಗಿನ ಜೈಲು ಖಾತೆಯ ಸಚಿವ ಕೆಲ್ವಿನ್ ಡೇವಿಸ್ ಅವರೇ ಮಾವೋರಿ. ಜೈಲಿನಲ್ಲಿ ಶೇ. 52 ಇರುವ ಮಾವೋರಿಗಳ ಪ್ರಮಾಣವನ್ನು ಜನಸಂಖ್ಯೆಗೆ ತಕ್ಕಂತೆ ಶೇ. 16ಕ್ಕೆ ಇಳಿಸೋದು ಗುರಿ. ಅದೇ ವರ್ಷದ ಬಜೆಟ್ಟಿನಲ್ಲಿ ಮಾವೋರಿ ಕೈದಿಗಳಿಗಾಗಿಯೇ 9.8 ಕೋಟಿ ಡಾಲರ್ ಇಟ್ಟರು. ಹಾಕ್ಸ್ ಬೇ ಮತ್ತು ಉತ್ತರದ ಙಾಫಾ ಜೈಲಿನಲ್ಲಿ ಕೆಲಸ ಶುರುವಾಯಿತು. ಕೈದಿಗಳ ಒಟ್ಟು ಸಂಖ್ಯೆ 2018ರ ಶಿಖರದಿಂದ ಕೆಲವು ವರ್ಷ ಚೆನ್ನಾಗಿಯೇ ಇಳಿಯಿತು, ಆದರೆ ಎಲ್ಲರದೂ ಒಟ್ಟಿಗೆ ಇಳಿದಿದ್ದರಿಂದ ಮಾವೋರಿ ಪಾಲು ಹಾಗೇ ಉಳಿಯಿತು. ಈಗ ಮತ್ತೆ ಸಂಖ್ಯೆ ಏರಿದೆ.

ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಒಳ್ಳೆಯ ಘಟಕ ಇರುವ ಜೈಲೇ ಒಳ್ಳೆಯ ಜೈಲು ಅಂದುಕೊಳ್ಳಬೇಡಿ. ವೈಕೇರಿಯಾದಲ್ಲಿ ಮಾವೋರಿ ಘಟಕ ಇದೆ. ಅದೇ ವೈಕೇರಿಯಾದ ಹಳೇ ಕಟ್ಟಡದಲ್ಲಿ 2020ರ ಡಿಸೆಂಬರ್ 29ರಂದು ಕೈದಿಗಳು ಬೆಂಕಿ ಹಚ್ಚಿ ಛಾವಣಿ ಹತ್ತಿದರು. ಕುಡಿಯುವ ನೀರು ಕಂದು ಬಣ್ಣ, ಮನುಷ್ಯರನ್ನು ಇಡುವ ಜಾಗವಲ್ಲ ಇದು ಅನ್ನೋದು ಅವರ ದೂರು. ಆರನೇ ದಿನ, ಜನವರಿ 3ರಂದು, ಮಾವೋರಿ ಪಕ್ಷದ ಸಂಸದ ರಾವಿರಿ ವೈತಿತಿ ಹೋಗಿ ಮಾತಾಡಿದ ಮೇಲೆ ಉಳಿದ 16 ಜನ ಇಳಿದು ಬಂದರು. ಒಂದು ಕೈಯಲ್ಲಿ ಅಜ್ಜನ ಹೆಸರು ಕಲಿಸುತ್ತಾ ಇನ್ನೊಂದು ಕೈಯಲ್ಲಿ ಕಂದು ನೀರು ಕೊಟ್ಟರೆ ಪಾಠ ಯಾವುದು ನೆನಪಿರುತ್ತೆ? ಕೆಲವು ಮಾವೋರಿ ವಿದ್ವಾಂಸರು ಈ ಕಾರ್ಯಕ್ರಮಗಳನ್ನೇ ಟೀಕಿಸೋದು ಇದಕ್ಕೇ. ಅಧಿಕಾರ ಎಲ್ಲ ಇಲಾಖೆಯ ಕೈಯಲ್ಲಿ ಇಟ್ಟುಕೊಂಡು ಮೇಲೆ ಮಾವೋರಿ ಹೆಸರು, ಕೆತ್ತನೆ ಅಂಟಿಸಿದ್ದಾರೆ ಅಂತ.

ಪ್ರಶ್ನೆ: ಮಾವೋರಿ ಹೆಂಗಸರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಜೈಲಿಗೆ ಹೋಗಲ್ವಾ?
– ಉಪನ್ಯಾಸಕಿ, ಉಡುಪಿ

ಹೋಗ್ತಾರೆ. ಹೆಂಗಸರ ಜೈಲುಗಳಲ್ಲಿ ಮಾವೋರಿಗಳ ಪಾಲು ಗಂಡಸರದಕ್ಕಿಂತಲೂ ಜಾಸ್ತಿ, ಶೇ. 60ರ ಮೇಲೆ. ಆದರೆ ಆ ಐದೂ ಘಟಕ ಇರೋದು ಗಂಡಸರ ಜೈಲುಗಳಲ್ಲಿ. ಹೆಂಗಸರಿಗಾಗಿ ಅಂತ ಬೇರೆ ದಾರಿ ಯೋಚಿಸಿದ್ದು ತೀರಾ ಈಚೆಗೆ, ಕ್ರೈಸ್ಟ್‌ಚರ್ಚ್ ಮಹಿಳಾ ಜೈಲಿನಲ್ಲಿ. ಮಕ್ಕಳು ಹೊರಗೆ, ತಾಯಿ ಒಳಗೆ, ಆ ಮಕ್ಕಳನ್ನು ಮತ್ತೆ ಸರ್ಕಾರದ ಆರೈಕೆಗೆ ಒಯ್ಯುವ ಭಯ. ಮೇಲೆ ಧಾರವಾಡದ ಹುಡುಗನಿಗೆ ಹೇಳಿದ ಕಥೆ ಮತ್ತೆ ಮೊದಲಿನಿಂದ ಶುರುವಾಗೋದು ಇಲ್ಲೇ. ನ್ಯಾಯವಾಗಿ ಕೆಲಸ ಹೆಂಗಸರ ಜೈಲಿನಿಂದ ಶುರುವಾಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಒಳಗಿದ್ದಾಗ ಎಲ್ಲರೂ ಒಳ್ಳೆಯವರೇ. ಹೊರಗೆ ಬಂದ ಮೇಲೆ?
– ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಕಲಬುರಗಿ

ಅನುಭವದ ಮಾತು. ಎಲ್ಲ ಕೆಡೋದೂ ಅಲ್ಲೇ.

ಗೇಟಿನಿಂದ ಆಚೆ ಬಂದವನಿಗೆ ಬೇಕಾದದ್ದು ಬಾಡಿಗೆಗೆ ಮನೆ, ಬ್ಯಾಂಕಿನ ಖಾತೆ, ಗುರುತಿನ ಚೀಟಿ, ಕೆಲಸ ಕೊಡುವ ಒಬ್ಬ ಮಾಲೀಕ. ಇದ್ಯಾವುದೂ ಇಲ್ಲದೆ ಹೋದರೆ ಬಂದು ಕರೆದುಕೊಂಡು ಹೋಗೋದು ಗ್ಯಾಂಗಿನ ಕಾರೇ. ಇದನ್ನು ಅರ್ಥ ಮಾಡಿಕೊಂಡು ಮಾವೋರಿ ಪಕ್ಷದ ನಾಯಕ ಪೀತ ಶಾರ್ಪಲ್ಸ್ ಸಚಿವರಾಗಿದ್ದಾಗ ಫರೆ ಒರಂಗ ಆಕೆ ಅನ್ನೋ ಮನೆಗಳನ್ನು ತಂದರು, 2011ರಲ್ಲಿ, ಹಾಕ್ಸ್ ಬೇ ಮತ್ತು ಸ್ಪ್ರಿಂಗ್ ಹಿಲ್ ಜೈಲುಗಳಲ್ಲಿ. ಇವು ಜೈಲಿನ ತಂತಿಬೇಲಿಯ ಹೊರಗಿವೆ. ಬಿಡುಗಡೆ ಹತ್ತಿರ ಬಂದವರು ಅಲ್ಲಿ ತಾವೇ ಅಡುಗೆ ಮಾಡಿ, ಬಟ್ಟೆ ಒಗೆದುಕೊಂಡು, ಕೆಲವರು ಹಗಲು ಹೊರಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ನಡೆಸೋದು ಮಾವೋರಿ ಸಂಸ್ಥೆಗಳು. ಮುರಿದ ಸಂಬಂಧಗಳನ್ನು, ಅಂದರೆ ಮಾತು ಬಿಟ್ಟ ಅಮ್ಮ, ಬೇರೆ ಹೋದ ಹೆಂಡತಿ, ಗುರುತೇ ಮರೆತ ಮಕ್ಕಳು, ಇವರನ್ನು ಒಬ್ಬೊಬ್ಬರಾಗಿ ಮಾತಾಡಿಸಿಕೊಂಡು ಬರುವ ಕೆಲಸ ಅವರದ್ದು. ಕೆಲವು ಮನೆಯವರು ಬಾಗಿಲು ತೆಗೆಯಲ್ಲ. ಹಾಗೆ ತೆಗೆಯದಿರೋದಕ್ಕೆ ಅವರಿಗೂ ಕಾರಣ ಇರುತ್ತದೆ. ಇಲ್ಲೂ ಜಾಗ ಬಹಳ ಕಮ್ಮಿ.

ರಾಜಕೀಯದ ಗಾಳಿಯೂ ಈಗ ಬೇರೆ ಕಡೆ ಬೀಸುತ್ತಿದೆ. ಆರೋಪಿ ಬೆಳೆದ ಮನೆ, ಊರು, ಹಿನ್ನೆಲೆ ಏನು ಅಂತ ಕೋರ್ಟಿಗೆ ತಿಳಿಸುವ ವರದಿಗೆ ಸರ್ಕಾರ ಕೊಡುತ್ತಿದ್ದ ದುಡ್ಡನ್ನು 2024ರಲ್ಲಿ ನಿಲ್ಲಿಸಿದರು. ಕಾನೂನಿನಲ್ಲಿ ಅವಕಾಶ ಇದೆ, ಆದರೆ ಖರ್ಚು ನಿನ್ನದು ಅಂತ. ಅದೇ ವರ್ಷ ಗ್ಯಾಂಗಿನ ಚಿಹ್ನೆ ಇರುವ ಬಟ್ಟೆಯನ್ನು ಸಾರ್ವಜನಿಕವಾಗಿ ಹಾಕಬಾರದು ಅಂತ ಕಾನೂನು ಬಂತು. ಜಾಕೆಟ್ಟನ್ನು ಪೊಲೀಸರು ಕಸಿಯಬಹುದು. ಆ ಜಾಕೆಟ್ಟು ಕಳಚಿದವನಿಗೆ ಬೇರೆ ಏನು ಕೊಡ್ತೀರಿ ಅನ್ನೋದು ನನ್ನ ಪ್ರಶ್ನೆ.

ಪ್ರಶ್ನೆ: ನಮ್ಮಲ್ಲೂ ಜೈಲಿನಲ್ಲಿ ನಾಟಕ ಮಾಡಿಸ್ತಾರಲ್ಲ, ಅದೂ ಇದೇ ತಾನೇ?
– ಹವ್ಯಾಸಿ ಕಲಾವಿದ, ಹುಬ್ಬಳ್ಳಿ

ಸ್ವಲ್ಪ ಹೌದು, ಜಾಸ್ತಿ ಇಲ್ಲ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿದ್ದು, ಜೈಲಿನ ಹೊರಗಿನ ರಂಗಮಂದಿರಕ್ಕೂ ಅವರನ್ನು ಕರೆತಂದಿದ್ದು ದೊಡ್ಡ ಕೆಲಸ. ಆದರೆ ಅಲ್ಲಿ ಗಮನ ಇರೋದು ಒಬ್ಬ ಮನುಷ್ಯನ ಒಳಗೆ ಏನಾಗುತ್ತೆ ಅನ್ನೋದರ ಮೇಲೆ. ನ್ಯೂಜಿಲೆಂಡಿನಲ್ಲಿ ಪ್ರಶ್ನೆ ಇರೋದು ಒಂದು ಇಡೀ ಜನಾಂಗಕ್ಕೂ ಸರ್ಕಾರಕ್ಕೂ ನಡುವೆ.

ಹೋಲಿಸಲೇಬೇಕು ಅಂದರೆ ನಿಮ್ಮೂರಿನಲ್ಲೇ ಬೇರೆ ಜಾಗ ಇದೆ. ಹುಬ್ಬಳ್ಳಿಯ ಸೆಟ್ಲ್‌ಮೆಂಟ್. 1871ರ ಕಾನೂನು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದಿಟ್ಟಿತು. ಅಂಥವರನ್ನು ಬೇಲಿಯೊಳಗೆ ಇಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗ ಅದು. 1952ರಲ್ಲಿ ಕಾನೂನು ಹೋಯಿತು. ಪೊಲೀಸ್ ಠಾಣೆಯಲ್ಲಿ, ಬಾಡಿಗೆ ಮನೆ ಕೇಳುವಾಗ ಆ ಹಣೆಪಟ್ಟಿ ಹೋಯಿತಾ ಅಂತ ಅಲ್ಲಿಯ ಹಿರಿಯರನ್ನು ಕೇಳಿ ನೋಡಿ, ನಮಗೂ ಬರೆದು ಕಳಿಸಿ.

ಪ್ರಶ್ನೆ: ಙಾಫಾ ಜೈಲು ಕಟ್ಟುವಾಗ ದೆವ್ವದ ವಿಷಯಕ್ಕೆ ಕೇಸು ಆಗಿತ್ತಂತೆ, ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ದೆವ್ವ ಅಲ್ಲ, ತನಿಫಾ. ನೀರಿನಲ್ಲಿ ಇದ್ದು ಆ ಜಾಗ ಕಾಯುವ ಶಕ್ತಿ ಅಂತ ನಂಬಿಕೆ. ನಿಮ್ಮ ಕಡೆಯ ಭೂತ, ಚೌಡಿಗಳನ್ನು ನೆನೆಸಿಕೊಂಡರೆ ಬೇಗ ಅರ್ಥವಾಗುತ್ತೆ. ಕೈಕೊಹೆ ಊರಿನ ಹತ್ತಿರ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ತಕೌಏರೆ ಅನ್ನೋ ತನಿಫಾ ಇದೆ, ಅದರ ಮೇಲೆ ಜೈಲು ಬೇಡ ಅಂತ ಸ್ಥಳೀಯರು ಕೋರ್ಟಿಗೆ ಹೋದರು. ಸೋತರು. 2005ರಲ್ಲಿ ಜೈಲು ಶುರುವಾಯಿತು. ಹದಿನಾಲ್ಕು ವರ್ಷ ಕಳೆದ ಮೇಲೆ, ಮಾವೋರಿ ಕೈದಿಗಳಿಗೆ ಅವರ ನೆಲ, ನೀರು, ನಂಬಿಕೆಗಳ ಮೂಲಕ ದಾರಿ ತೋರಿಸಬೇಕು ಅಂತ ಸರ್ಕಾರ ದುಡ್ಡು ಕೊಟ್ಟ ಎರಡು ಜೈಲುಗಳಲ್ಲಿ ಇದೂ ಒಂದು.